ಓದುಗರ ಪ್ರಶ್ನೆ: ಕೇಬಲ್ ‘ಪಾಸ್’ ಅಂತ ಬಂದ್ಮೇಲೂ ರಿಪೋರ್ಟ್‌ನಲ್ಲಿ ಏನೇನು ನೋಡ್ಬೇಕು?

ಕಟ್ಟಡದೊಳಗಿನ ನೆಟ್‌ವರ್ಕ್ ಕೇಬಲಿಂಗ್ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ವಿ. ಬಂದಿದ್ರಲ್ಲಿ ಮುಕ್ಕಾಲು ಪಾಲು ಟೆಸ್ಟಿಂಗ್ ಸುತ್ತಾನೇ ಇವೆ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ.

ಪ್ರಶ್ನೆ: ಹೊಸ ಆಫೀಸಿಗೆ ಕ್ಯಾಟ್ 6 ಕೇಬಲ್ ಹಾಕಿಸಿದ್ವಿ. ಹಾಕಿದೋರು ಚಿಕ್ಕ ಟೆಸ್ಟರ್‌ನಲ್ಲಿ ಎಂಟೂ ಲೈಟ್ ಹತ್ತಿಸಿ ತೋರಿಸಿದ್ರು, ಸ್ವಿಚ್‌ನಲ್ಲೂ ಹಸಿರು ಲೈಟ್ ಬರ್ತಿದೆ, ನೆಟ್ ಚೆನ್ನಾಗೇ ಓಡ್ತಿದೆ. ಇಷ್ಟಾದ್ಮೇಲೂ ಸರ್ಟಿಫಿಕೇಶನ್ ಟೆಸ್ಟ್ ಆಗ್ಲೇಬೇಕು ಅಂತ ನಮ್ಮ ಐಟಿಯವ್ರು ಹಠ ಹಿಡಿದಿದಾರೆ. ನಿಜವಾಗ್ಲೂ ಬೇಕಾ?

ಉತ್ತರ: ಬೇಕು, ನಿಮ್ಮ ಐಟಿಯವ್ರ ಹಠ ಸರಿಯಾಗೇ ಇದೆ. ಎಂಟು ಲೈಟಿನ ಟೆಸ್ಟರ್ ಹೇಳೋದು ಒಂದೇ ವಿಷ್ಯ, ಈ ತುದಿಯ 1ನೇ ಪಿನ್ ಆ ತುದಿಯ 1ಕ್ಕೆ ಸೇರಿದೆ, 2 ಹೋಗಿ 2ಕ್ಕೆ ಸೇರಿದೆ, ಅಷ್ಟೇ. ಅದು ಕಳಿಸೋದು ಬ್ಯಾಟರಿಯ ಡಿಸಿ ಕರೆಂಟು. ನಿಮ್ಮ ಡೇಟಾ ಹಾಗೆ ಹೋಗಲ್ಲ. ಕ್ಯಾಟ್ ಅನ್ನೋದು ಕೇಬಲ್ಲಿನ ದರ್ಜೆ, ಕ್ಯಾಟ್ 5ಇ ಅಂದ್ರೆ 100 ಮೆಗಾಹರ್ಟ್ಸ್ ತನಕ, ಕ್ಯಾಟ್ 6 ಅಂದ್ರೆ 250 ತನಕ, ಕ್ಯಾಟ್ 6ಎ ಅಂದ್ರೆ 500 ತನಕ ಆ ಲಿಂಕು, ಅಂದ್ರೆ ಕೇಬಲ್ಲೂ ಅದರ ತುದಿಯ ಜೋಡಣೆಗಳೂ ಸೇರಿ, ಸರಿಯಾಗಿ ನಡ್ಕೋಬೇಕು ಅಂತ ಲೆಕ್ಕ, ಅಷ್ಟು ಫ್ರೀಕ್ವೆನ್ಸಿಗೆ ಹೋದಾಗ ಒಂದು ಜೋಡಿಯ ಸಿಗ್ನಲ್ ಪಕ್ಕದ ಜೋಡಿಗೆ ಸೋರತ್ತೆ, ಜೋಡಣೆ ಸರಿ ಇಲ್ಲದ ಜಾಗದಲ್ಲಿ ಸ್ವಲ್ಪ ಭಾಗ ಹಿಂದಕ್ಕೆ ತಿರುಗಿ ಬರತ್ತೆ, ದೂರ ಹೋದ ಹಾಗೆ ಕ್ಷೀಣ ಆಗತ್ತೆ. ಇದ್ಯಾವುದೂ ಬ್ಯಾಟರಿ ಟೆಸ್ಟರಿಗೆ ಕಾಣಲ್ಲ.

ಒಂದು ಉದಾಹರಣೆ ಸಾಕು. ಈಥರ್ನೆಟ್‌ನಲ್ಲಿ ಜೋಡಿಗಳು 1-2, 3-6, 4-5, 7-8. ಕೆಲವ್ರು ಬಣ್ಣದ ಕ್ರಮ ಬಿಟ್ಟು 1-2, 3-4, 5-6, 7-8 ಅಂತ ಸಾಲಾಗಿ ಕೂರಿಸಿಬಿಡ್ತಾರೆ, ಎರಡೂ ತುದಿಲಿ ಒಂದೇ ಥರ ಕೂರಿಸಿದ್ರೆ ಎಂಟೂ ಲೈಟ್ ಸರಿಯಾಗೇ ಹತ್ತತ್ತೆ, ಆದ್ರೆ 3 ಮತ್ತು 6ನೇ ಪಿನ್ನಿಗೆ ಬಂದಿರೋದು ಬೇರೆ ಬೇರೆ ಜೋಡಿಯಿಂದ ಕಿತ್ತುಕೊಂಡ ಒಂದೊಂದು ತಂತಿ. ಜೋಡಿ ಜೋಡಿಯಾಗಿ ಹುರಿ ಮಾಡಿರೋದೇ ಸೋರಿಕೆ ತಡೆಯೋಕೆ, ಇಲ್ಲಿ ಆ ಹುರಿಯ ಲಾಭ ಪೂರ್ತಿ ಹೋಯ್ತು. ಇದಕ್ಕೆ ಸ್ಪ್ಲಿಟ್ ಪೇರ್ ಅಂತಾರೆ. ಸರ್ಟಿಫೈ ಮಾಡೋ ಮೆಷಿನ್ನು ಇದನ್ನ ಒಂದೇ ಏಟಿಗೆ ಹಿಡಿಯತ್ತೆ.

ಇನ್ನು ಸ್ವಿಚ್ಚಿನ ಹಸಿರು ಲೈಟು. ತಾಮ್ರದ ಮೇಲೆ ಗಿಗಾಬಿಟ್ ಈಥರ್ನೆಟ್ಟಿನ ಸ್ಟ್ಯಾಂಡರ್ಡ್ 1999ರಲ್ಲಿ ಬಂತು, ಆಗಿನ ಕ್ಯಾಟ್ 5 ಕೇಬಲ್ ಮೇಲೆ 100 ಮೀಟರ್ ಓಡ್ಬೇಕು ಅಂತಾನೇ ಅದನ್ನ ಮಾಡಿದ್ದು. ಅಂದ್ಮೇಲೆ ನಿಮ್ಮ ಕ್ಯಾಟ್ 6 ಲಿಂಕಿನಲ್ಲಿ ಗಿಗಾಬಿಟ್ ಓಡ್ತಿದೆ ಅನ್ನೋದ್ರಿಂದ ಅದು ಕ್ಯಾಟ್ 6 ಅಂತ ಸಾಬೀತಾಗಲ್ಲ, ಹೆಚ್ಚೆಂದ್ರೆ ಹಳೇ ಕ್ಯಾಟ್ 5 ಮಟ್ಟಕ್ಕಿದೆ ಅಂತ ಗೊತ್ತಾಗತ್ತೆ. ನೀವು ಕೊಂಡಿದ್ದು ಅದಕ್ಕಿಂತ ಜಾಸ್ತಿ. ಮುಂದೆ 2.5 ಅಥವಾ 5 ಗಿಗಾಬಿಟ್‌ನ ವೈಫೈ ಆಕ್ಸೆಸ್ ಪಾಯಿಂಟ್ ಸಿಕ್ಕಿಸಿದ ದಿನ ಪ್ಯಾಕೆಟ್ ಎರರ್ ಶುರುವಾಗ್ಬಹುದು, ಅಷ್ಟೊತ್ತಿಗೆ ಫಾಲ್ಸ್ ಸೀಲಿಂಗ್ ಮುಚ್ಚಿರತ್ತೆ, ಕೇಬಲ್ ಹಾಕಿದೋರ ಗ್ಯಾರಂಟಿನೂ ಮುಗಿದಿರತ್ತೆ.

ಟೆಸ್ಟರ್‌ಗಳಲ್ಲಿ ಮೂರು ಮಟ್ಟ ಇದೆ. ವೆರಿಫಿಕೇಶನ್ ಟೆಸ್ಟರ್ ತಂತಿ ಸರಿಯಾಗಿ ಸೇರಿದ್ಯಾ, ಎಷ್ಟು ಉದ್ದ ಅಂತ ಹೇಳತ್ತೆ. ಕ್ವಾಲಿಫಿಕೇಶನ್ ಟೆಸ್ಟರ್ ಈ ಲಿಂಕ್ ಮೇಲೆ ಇಷ್ಟು ಸ್ಪೀಡ್ ಓಡತ್ತಾ ಅಂತ ನೋಡತ್ತೆ, ಹಳೇ ಕಟ್ಟಡದಲ್ಲಿ ಇರೋ ಕೇಬಲನ್ನೇ ಬಳಸ್ಬಹುದಾ ಅಂತ ತಿಳ್ಕೊಳ್ಳೋಕೆ ಒಳ್ಳೇದು. ಸರ್ಟಿಫಿಕೇಶನ್ ಟೆಸ್ಟರ್ ಮಾತ್ರ ಟಿಐಎ 568 (ಅಮೆರಿಕದ್ದು) ಅಥವಾ ಐಎಸ್‌ಒ 11801 (ಅಂತರರಾಷ್ಟ್ರೀಯ) ಕೇಬಲಿಂಗ್ ಸ್ಟ್ಯಾಂಡರ್ಡಿನ ಲಿಮಿಟ್ ಗೆರೆ ಪಕ್ಕದಲ್ಲಿ ನಿಮ್ಮ ಲಿಂಕನ್ನ ಇಟ್ಟು, 1 ಮೆಗಾಹರ್ಟ್ಸಿಂದ ಮೇಲಿನ ತನಕ ಒಂದೊಂದೇ ಫ್ರೀಕ್ವೆನ್ಸಿಲಿ ಅಳೆದು ಪಾಸೋ ಫೇಲೋ ಅಂತ ಹೇಳತ್ತೆ. ಹೊಸ ಕೆಲಸಕ್ಕೆ ಮೂರನೇದೇ ಆಗ್ಬೇಕು, ಇದ್ರಲ್ಲಿ ರಾಜಿ ಬೇಡ.

ಪ್ರಶ್ನೆ: ರಿಪೋರ್ಟ್ ಕೊಟ್ಟಿದಾರೆ, ನೂರಾರು ಪುಟ. ಎಲ್ಲಾ ಕಡೆ ಪಾಸ್ ಅಂತಾನೇ ಇದೆ, ಕೆಲವು ಕಡೆ ಪಾಸ್ ಪಕ್ಕ ನಕ್ಷತ್ರದ ಗುರುತಿದೆ. ನೆಕ್ಸ್ಟ್, ರಿಟರ್ನ್ ಲಾಸ್, ಹೆಡ್‌ರೂಮ್ ಅಂತೆಲ್ಲಾ ಇದೆ. ಇಂಜಿನಿಯರ್ ಅಲ್ಲದ ನನ್ನಂಥೋರು ಇದನ್ನ ಹೇಗೆ ಓದೋದು?

ಉತ್ತರ: ಮೊದಲು ನಂಬರ್ ನೋಡ್ಬೇಡಿ. ಮೇಲ್ಗಡೆ ‘ಟೆಸ್ಟ್ ಲಿಮಿಟ್’ ಅಂತ ಒಂದು ಸಾಲು ಇರತ್ತೆ, ಅದನ್ನ ನೋಡಿ. ಕ್ಯಾಟ್ 6ಎ ಕೇಬಲ್ ಹಾಕಿ ಲಿಮಿಟ್ ಕ್ಯಾಟ್ 5ಇ ಅಂತ ಇಟ್ಟು ಟೆಸ್ಟ್ ಮಾಡಿದ್ರೆ ಎಲ್ಲಾನೂ ಭರ್ಜರಿಯಾಗಿ ಪಾಸಾಗತ್ತೆ. ಪಾಸ್ ಅನ್ನೋದು ಯಾವ ಗೆರೆ ದಾಟಿದ್ದಕ್ಕೆ ಅನ್ನೋದೇ ಇಲ್ಲಿ ಮುಖ್ಯ, ಮಿಕ್ಕಿದ್ದೆಲ್ಲಾ ಆಮೇಲೆ. ಅದರ ಜೊತೆಗೇ ಮೆಷಿನ್ನಿನ ಕ್ಯಾಲಿಬ್ರೇಶನ್ ದಿನಾಂಕ ನೋಡಿ, ಸಾಮಾನ್ಯವಾಗಿ ವರ್ಷಕ್ಕೊಂದ್ಸಲ ಆಗ್ಬೇಕು. ಟೆಸ್ಟ್ ಮಾಡಿದ ದಿನಾಂಕ, ಸಮಯನೂ ನೋಡಿ. ಒಂದು ಕ್ಯಾಟ್ 6ಎ ಟೆಸ್ಟ್ ಮುಗಿಯೋಕೆ ಕೆಲವು ಸೆಕೆಂಡು ಬೇಕು, ಆಮೇಲೆ ಟೆಕ್ನಿಷಿಯನ್ ಮುಂದಿನ ಪೋರ್ಟಿಗೆ ನಡ್ಕೊಂಡು ಹೋಗ್ಬೇಕು, ಆದ್ರೆ ನೂರು ಲಿಂಕಿನ ಸಮಯ ಒಂದರ ಹಿಂದೊಂದು ಕೆಲವೇ ಸೆಕೆಂಡ್ ಅಂತರದಲ್ಲಿದ್ದು, ಉದ್ದನೂ ಎಲ್ಲದರದ್ದೂ ಒಂದೇ ಇದ್ರೆ ಒಂದೇ ಲಿಂಕನ್ನ ಬೇರೆ ಬೇರೆ ಹೆಸರಲ್ಲಿ ಸೇವ್ ಮಾಡಿದಾರೆ ಅಂತಾನೇ ಅನುಮಾನ ಪಡ್ಬೇಕು. ಬೇರೆ ಬೇರೆ ಟೇಬಲಿಗೆ ಹೋದ ಕೇಬಲ್ಲುಗಳ ಉದ್ದ ಒಂದೇ ಇರೋಕೆ ಸಾಧ್ಯ ಇಲ್ಲ.

ಆಮೇಲೆ ಹೆಡ್‌ರೂಮ್. ಲಿಮಿಟ್ ಗೆರೆಗೂ ನಿಮ್ಮ ಲಿಂಕಿಗೂ ಅತೀ ಕಮ್ಮಿ ಅಂತರ ಎಲ್ಲಿ ಇದ್ಯೋ ಅಲ್ಲಿನ ಡಿಬಿ (ಡೆಸಿಬೆಲ್, ಸಿಗ್ನಲ್ ಅಳೆಯೋ ಮಾನ) ಲೆಕ್ಕ ಅದು, ಜಾಸ್ತಿ ಇದ್ದಷ್ಟೂ ಒಳ್ಳೇದು. ನೆಕ್ಸ್ಟ್ ಅಂದ್ರೆ ಕಳಿಸೋ ತುದಿಲೇ ಪಕ್ಕದ ಜೋಡಿಗೆ ಎಷ್ಟು ಸೋರ್ತಿದೆ ಅನ್ನೋದು, ಇದು ಕೆಟ್ರೆ ಹೆಚ್ಚಿನ ಸಲ ಕೆಲಸಗಾರರ ಕೈಯ ವಿಷ್ಯ, ಜ್ಯಾಕ್ ಹತ್ರ ಹುರಿ ಜಾಸ್ತಿ ಬಿಚ್ಚಿರ್ತಾರೆ, 13 ಮಿಲಿಮೀಟರಿಗಿಂತ ಜಾಸ್ತಿ ಬಿಚ್ಬಾರ್ದು. ರಿಟರ್ನ್ ಲಾಸ್ ಅಂದ್ರೆ ಹಿಂದಕ್ಕೆ ತಿರುಗಿ ಬರೋ ಸಿಗ್ನಲ್ಲಿನ ಅಳತೆ, ಅದು ಕೆಟ್ರೆ ಕೇಬಲ್ ಎಲ್ಲೋ ಜಜ್ಜಿದೆ, ಚೂಪಾಗಿ ಮಡಚಿದೆ, ನೀರು ಹೊಕ್ಕಿದೆ, ಇಲ್ಲಾ ಜ್ಯಾಕೂ ಕೇಬಲ್ಲೂ ಒಂದಕ್ಕೊಂದು ಹೊಂದಿಕೆ ಆಗ್ತಿಲ್ಲ. ಇನ್ಸರ್ಷನ್ ಲಾಸ್ ಅಂದ್ರೆ ದಾರಿಲಿ ಸಿಗ್ನಲ್ ಎಷ್ಟು ಕ್ಷೀಣ ಆಯ್ತು ಅನ್ನೋದು, ಅದು ಕೆಟ್ರೆ ಮೊದಲು ಉದ್ದ ನೋಡಿ, ಬಿಸಿನೂ ನೋಡಿ, ತಾಪಮಾನ ಏರಿದಷ್ಟೂ ತಾಮ್ರದಲ್ಲಿ ಸಿಗ್ನಲ್ ಸವೆಯೋದು ಜಾಸ್ತಿ ಆಗತ್ತೆ, ಬಿಸಿಲಿಗೆ ಕಾದ ಶೀಟಿನ ಕೆಳಗೆ ಹಾದುಹೋಗೋ ಉದ್ದದ ಲಿಂಕುಗಳು ಬೆಳಗ್ಗೆ ಪಾಸಾಗಿ ಮಧ್ಯಾಹ್ನ ಗೆರೆ ಮುಟ್ಟೋದು ಇದೇ ಕಾರಣಕ್ಕೆ.

ನಕ್ಷತ್ರದ ಗುರುತು ಇದ್ರೆ, ಫಲಿತಾಂಶ ಲಿಮಿಟ್ಟಿಗೆ ಎಷ್ಟು ಹತ್ರ ಇದೆ ಅಂದ್ರೆ ಮೆಷಿನ್ನಿನ ಸ್ವಂತ ತಪ್ಪಿನ ಅಂದಾಜಿನೊಳಗೇ ಬಿದ್ದಿದೆ, ಖಚಿತವಾಗಿ ಹೇಳೋಕೆ ಅದಕ್ಕೇ ಆಗ್ತಿಲ್ಲ. ನಕ್ಷತ್ರದ ಪಾಸು ಲೆಕ್ಕದಲ್ಲಿ ಪಾಸೇ, ನಕ್ಷತ್ರದ ಫೇಲು ಫೇಲೇ. ಎಲ್ಲೋ ಒಂದೆರಡು ಇದ್ರೆ ಬಿಡಿ. ಒಂದೇ ಪ್ಯಾಚ್ ಪ್ಯಾನೆಲ್ಲಿನ (ಸ್ವಿಚ್ ಕಡೆ ಎಲ್ಲಾ ಕೇಬಲ್ ಬಂದು ಸೇರೋ ಫಲಕ) ಸಾಲು ಪೂರ್ತಿ ಹಾಗಿದ್ರೆ ಒಬ್ಬನೇ ಟೆಕ್ನಿಷಿಯನ್ ಒಂದೇ ತಪ್ಪನ್ನ ಸಾಲಾಗಿ ಮಾಡಿದಾನೆ, ಇಲ್ಲಾ ಟೆಸ್ಟರಿನ ಅಡಾಪ್ಟರ್ ತುದಿ ಸವೆದಿದೆ, ಆ ತುದಿಗಳಿಗೂ ಆಯಸ್ಸು ಇರತ್ತೆ. ಬೇರೆ ಅಡಾಪ್ಟರ್ ಹಾಕಿ ಎರಡು ಮೂರು ಲಿಂಕ್ ಮತ್ತೆ ಅಳೀರಿ ಅಂತ ಕೇಳಿ.

ಚಿಕ್ಕ ಲಿಂಕುಗಳಲ್ಲಿ ರಿಟರ್ನ್ ಲಾಸ್ ಗ್ರಾಫು ಗೆರೆ ದಾಟಿದ್ರೂ ಪಾಸ್ ಅಂತ ಇರತ್ತೆ, ಅದನ್ನ ನೋಡಿ ಗಾಬರಿ ಬೇಡ, ಇನ್ಸರ್ಷನ್ ಲಾಸ್ 3 ಡಿಬಿಗಿಂತ ಕಮ್ಮಿ ಇರೋ ಫ್ರೀಕ್ವೆನ್ಸಿಗಳಲ್ಲಿ ರಿಟರ್ನ್ ಲಾಸ್ ಲೆಕ್ಕಕ್ಕಿಲ್ಲ ಅಂತ ನಿಯಮಾನೇ ಇದೆ.

ಪ್ರಶ್ನೆ: ನಮ್ಮ ಟೆಂಡರಿನಲ್ಲಿ ‘ಪರ್ಮನೆಂಟ್ ಲಿಂಕ್ ಟೆಸ್ಟ್’ ಅಂತ ಇತ್ತು, ಬಂದ ರಿಪೋರ್ಟಿನಲ್ಲಿ ‘ಚಾನೆಲ್’ ಅಂತಿದೆ. ಕೇಳಿದ್ರೆ ಚಾನೆಲ್ ಟೆಸ್ಟ್ ಇನ್ನೂ ದೊಡ್ಡದು, ಪ್ಯಾಚ್ ಕಾರ್ಡ್ (ಉಪಕರಣಕ್ಕೆ ಸಿಕ್ಕಿಸೋ ಚಿಕ್ಕ ಕೇಬಲ್) ಸೇರಿಸಿ ಮಾಡಿದೀವಿ ಅಂತಾರೆ. ಒಪ್ಕೋಬಹುದಾ?

ಉತ್ತರ: ಒಪ್ಕೋಬೇಡಿ. ಪರ್ಮನೆಂಟ್ ಲಿಂಕ್ ಅಂದ್ರೆ ಪ್ಯಾಚ್ ಪ್ಯಾನೆಲ್ಲಿಂದ ಗೋಡೆಯ ಜ್ಯಾಕ್ ತನಕ, ಹೆಚ್ಚೆಂದ್ರೆ 90 ಮೀಟರ್, ಗೋಡೆಯೊಳಗೆ ಉಳಿಯೋ ಭಾಗ ಅದೇ. ಚಾನೆಲ್ ಅಂದ್ರೆ ಎರಡೂ ಕಡೆ ಪ್ಯಾಚ್ ಕಾರ್ಡ್ ಸೇರಿ 100 ಮೀಟರ್. ಚಾನೆಲ್ಲಿನಲ್ಲಿ ತುಂಡುಗಳು ಜಾಸ್ತಿ ಇರೋದ್ರಿಂದ ಅದರ ಲಿಮಿಟ್ ಸಡಿಲ, ಪರ್ಮನೆಂಟ್ ಲಿಂಕಿನದು ಬಿಗಿ. ಹಾಗಾಗಿ ಬಿಗಿ ಗೆರೆಲಿ ಫೇಲಾಗೋ ಲಿಂಕು ಸಡಿಲ ಗೆರೆಲಿ ಪಾಸಾಗ್ಬಹುದು, ಇದಕ್ಕಿಂತ ಮುಖ್ಯ ಅಂದ್ರೆ ಪ್ಯಾಚ್ ಕಾರ್ಡನ್ನ ನಾಳೆ ಯಾರೋ ಬದಲಾಯಿಸ್ತಾರೆ, ಆಗ ಆ ಚಾನೆಲ್ ರಿಪೋರ್ಟು ಈಗ ಅಸ್ತಿತ್ವದಲ್ಲೇ ಇಲ್ಲದ ಒಂದು ಲಿಂಕಿನ ಬಗ್ಗೆ ಮಾತಾಡ್ತಿರತ್ತೆ. ಪರ್ಮನೆಂಟ್ ಲಿಂಕ್ ಪಾಸಾಗಿ, ಆಮೇಲೆ ಸ್ಟ್ಯಾಂಡರ್ಡಿಗೆ ತಕ್ಕ ಪ್ಯಾಚ್ ಕಾರ್ಡ್ ಹಾಕಿದ್ರೆ ಚಾನೆಲ್ ಸರಿಯಾಗೇ ಇರತ್ತೆ.

ಕ್ಯಾಮೆರಾ, ಸೀಲಿಂಗಿನ ಆಕ್ಸೆಸ್ ಪಾಯಿಂಟಿಗೆ ಮಾತ್ರ ಬೇರೆ ಲೆಕ್ಕ. ಅಲ್ಲಿ ಜ್ಯಾಕ್ ಇಡದೆ ಕೇಬಲ್ಲಿನ ತುದಿಗೇ ಆರ್‌ಜೆ45 ಪ್ಲಗ್ ಹೊಡೆದು ನೇರ ಸಿಕ್ಕಿಸ್ತಾರೆ. ಇದಕ್ಕೆ ಎಂಪಿಟಿಎಲ್ ಅಂತ ಹೆಸರು, 2018ರ ಟಿಐಎ 568.2-ಡಿ ಇದನ್ನ ಒಪ್ಕೊಂಡಿದೆ. ಪ್ಯಾನೆಲ್ ಕಡೆ ಪರ್ಮನೆಂಟ್ ಲಿಂಕ್ ಅಡಾಪ್ಟರ್, ಪ್ಲಗ್ ಕಡೆ ಪ್ಯಾಚ್ ಕಾರ್ಡ್ ಅಡಾಪ್ಟರ್ ಹಾಕಿ ಅಳೀಬೇಕು. ಅದೇ ಲಿಂಕನ್ನ ಚಾನೆಲ್ ಅಡಾಪ್ಟರಿನಲ್ಲಿ ಅಳೆದ್ರೆ ತುದಿಯ ಆ ಪ್ಲಗ್ಗನ್ನ ಲೆಕ್ಕದಿಂದ ಬಿಟ್ಟುಬಿಡತ್ತೆ, ಸೈಟಿನಲ್ಲಿ ಕೈಯಲ್ಲಿ ಹೊಡೆದ ಪ್ಲಗ್ಗೇ ಅಲ್ಲಿ ಎಲ್ಲಕ್ಕಿಂತ ಅನುಮಾನದ ಜಾಗ, ಅದನ್ನೇ ಅಳೀದೇ ಬಿಟ್ರೆ ಹೇಗೆ.

ಪ್ರಶ್ನೆ: ಒಂದು ಲಿಂಕ್ 94 ಮೀಟರ್ ಅಂತ ತೋರಿಸ್ತಿದೆ, ಆದ್ರೂ ಪರ್ಮನೆಂಟ್ ಲಿಂಕ್ ಪಾಸ್ ಅಂತಿದೆ. 90 ಅಲ್ವಾ ಮಿತಿ?

ಉತ್ತರ: ಮೆಷಿನ್ನು ಟೇಪ್ ಹಿಡಿದು ಅಳಿಯಲ್ಲ, ಸಿಗ್ನಲ್ ಹೋಗಿ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿ ಲೆಕ್ಕ ಹಾಕತ್ತೆ. ಅದಕ್ಕೆ ಆ ಕೇಬಲ್ಲಿನಲ್ಲಿ ಸಿಗ್ನಲ್ ಬೆಳಕಿನ ವೇಗದ ನೂರಕ್ಕೆ ಎಷ್ಟರಲ್ಲಿ ಓಡತ್ತೆ ಅಂತ ಒಂದು ಸಂಖ್ಯೆ ಕೊಡ್ಬೇಕು, ಎನ್‌ವಿಪಿ ಅಂತಾರೆ, ಹೆಚ್ಚಿನ ಕೇಬಲ್ಲುಗಳಲ್ಲಿ 70ರ ಆಸುಪಾಸು. ಆ ಸಂಖ್ಯೆ ಸ್ವಲ್ಪ ತಪ್ಪಿದ್ರೂ ಉದ್ದ ತಪ್ಪತ್ತೆ, ಅದಕ್ಕೇ ಸ್ಟ್ಯಾಂಡರ್ಡಿನಲ್ಲಿ ಶೇ. 10 ರಿಯಾಯಿತಿ ಇದೆ, 99 ಮೀಟರ್ ತನಕ ಫೇಲ್ ಅನ್ನಲ್ಲ. ನಾಲ್ಕು ಜೋಡಿಯ ಉದ್ದ ಬೇರೆ ಬೇರೆ ಬಂದ್ರೂ ಅದು ದೋಷ ಅಲ್ಲ, ಪ್ರತಿ ಜೋಡಿಯ ಹುರಿ ಬಿಗಿತ ಬೇರೆ ಇರೋದ್ರಿಂದ ಒಳಗಿನ ತಾಮ್ರದ ಉದ್ದನೂ ಬೇರೆ. ಇನ್ಸರ್ಷನ್ ಲಾಸ್ ಸರಿ ಇದ್ರೆ ಆ 94ರ ಬಗ್ಗೆ ತಲೆ ಕೆಡಿಸ್ಕೋಬೇಡಿ.

ಪ್ರಶ್ನೆ: ಹೊರಗಡೆಯ ಒಂದು ಪಿಒಇ ಕ್ಯಾಮೆರಾ (ನೆಟ್‌ವರ್ಕ್ ಕೇಬಲ್ಲಿಂದಲೇ ಕರೆಂಟ್ ತಗೊಳ್ಳೋದು) ಹಗಲಲ್ಲಿ ಸರಿ ಇರತ್ತೆ, ಕತ್ತಲಾದ್ಮೇಲೆ ಪದೇ ಪದೇ ರೀಸ್ಟಾರ್ಟ್ ಆಗತ್ತೆ. ಕ್ಯಾಮೆರಾ ಬದಲಾಯಿಸಿದ್ವಿ, ಸ್ವಿಚ್ ಪೋರ್ಟ್ ಬದಲಾಯಿಸಿದ್ವಿ, ಅದೇ ಕಥೆ. ಕೇಬಲ್ ಟೆಸ್ಟ್ ಪಾಸಾಗಿದೆ.

ಉತ್ತರ: ಕತ್ತಲಾದ್ಮೇಲೆ ಅನ್ನೋದೇ ಇಲ್ಲಿ ಸುಳಿವು. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಲೈಟು ಹತ್ತತ್ತೆ, ಕರೆಂಟ್ ಎಳೆಯೋದು ಜಾಸ್ತಿ ಆಗತ್ತೆ, ಕೇಬಲ್ಲಿನ ರೆಸಿಸ್ಟೆನ್ಸ್ ಜಾಸ್ತಿ ಇದ್ರೆ ಆ ತುದಿಲಿ ವೋಲ್ಟೇಜ್ ಕುಸಿದು ಕ್ಯಾಮೆರಾ ಆಫ್ ಆಗತ್ತೆ, ಆಫ್ ಆದ್ಮೇಲೆ ಭಾರ ಇಳಿದು ಮತ್ತೆ ಆನ್ ಆಗತ್ತೆ, ಇದೇ ಸುತ್ತು.

ನಿಮ್ಮ ರಿಪೋರ್ಟಿನಲ್ಲಿ ಡಿಸಿ ಲೂಪ್ ರೆಸಿಸ್ಟೆನ್ಸ್ (ಒಂದು ಜೋಡಿಲಿ ಹೋಗಿ ಬರೋ ದಾರಿಯ ಒಟ್ಟು ರೆಸಿಸ್ಟೆನ್ಸ್) ಅಂತ ಕಾಲಂ ಇದ್ಯಾ ನೋಡಿ. ಪರ್ಮನೆಂಟ್ ಲಿಂಕಿಗೆ ಲಿಮಿಟ್ 21 ಓಮ್, ಚಾನೆಲ್ಲಿಗೆ 25. ಆದ್ರೆ ಬರೀ ಲಿಮಿಟ್ ನೋಡ್ಬೇಡಿ ಸ್ವಾಮಿ, ಸಂಖ್ಯೆನೇ ನೋಡಿ. ಶುದ್ಧ ತಾಮ್ರದ 23 ಅಥವಾ 24 ಗೇಜ್ ತಂತಿಯಾದ್ರೆ 90 ಮೀಟರಿಗೆ ಸುಮಾರು 12ರಿಂದ 15 ಓಮ್ ಬರ್ಬೇಕು. 18, 20 ಅಂತ ಬಂದಿದ್ರೆ ಲಿಮಿಟ್ಟಿನೊಳಗಿದ್ರೂ ಏನೋ ಸರಿ ಇಲ್ಲ, ಉದ್ದ ಕಮ್ಮಿ ಇದ್ರೆ ಅದೇ ಪ್ರಮಾಣದಲ್ಲಿ ಲೆಕ್ಕ ಹಾಕ್ಕೊಳ್ಳಿ. ಹೆಚ್ಚಿನ ಸಲ ಅದು ಸಿಸಿಎ ಕೇಬಲ್, ಅಲ್ಯೂಮಿನಿಯಂ ತಂತಿಗೆ ತೆಳ್ಳಗೆ ತಾಮ್ರ ಹೊದಿಸಿರೋದು. ಅಲ್ಯೂಮಿನಿಯಂ ರೆಸಿಸ್ಟೆನ್ಸ್ ತಾಮ್ರದ್ದಕ್ಕಿಂತ ಸುಮಾರು 1.6 ಪಟ್ಟು. ಹೈ ಫ್ರೀಕ್ವೆನ್ಸಿ ಸಿಗ್ನಲ್ ತಂತಿಯ ಮೇಲ್ಮೈಲೇ ಓಡೋದ್ರಿಂದ ಡೇಟಾದ ಅಳತೆಗಳು ಪಾಸಾಗಿಬಿಡ್ಬಹುದು, ಕರೆಂಟಿಗೆ ಮಾತ್ರ ಪೂರ್ತಿ ತಂತಿ ಬೇಕು. ಸಿಸಿಎಯನ್ನ ಟಿಐಎ ಆಗ್ಲಿ ಐಎಸ್‌ಒ ಆಗ್ಲಿ ಒಪ್ಪಲ್ಲ, ಡಬ್ಬದ ಮೇಲೆ ಕ್ಯಾಟ್ 6 ಅಂತ ಬರೆದಿದ್ರೂ ಅದು ಕ್ಯಾಟ್ 6 ಅಲ್ಲ. ತುದಿಲಿ ತಂತಿಯನ್ನ ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ಅನುಮಾನ ತೀರ್ತು.

ಇನ್ನೊಂದು ಅಳತೆ ರೆಸಿಸ್ಟೆನ್ಸ್ ಅನ್‌ಬ್ಯಾಲೆನ್ಸ್, ಒಂದೇ ಜೋಡಿಯ ಎರಡು ತಂತಿಗಳ ನಡುವಿನ ವ್ಯತ್ಯಾಸ. ಪಿಒಇ ಕರೆಂಟು ಒಂದು ಜೋಡಿಯ ಎರಡೂ ತಂತಿಲಿ ಸಮಪಾಲಾಗಿ ಹೋಗ್ಬೇಕು, ಹೋಗದಿದ್ರೆ ಎರಡೂ ತುದಿಯ ಟ್ರಾನ್ಸ್‌ಫಾರ್ಮರ್ ಸ್ಯಾಚುರೇಟ್ ಆಗಿ ಡೇಟಾನೂ ಕೆಡತ್ತೆ. ಜ್ಯಾಕಿನಲ್ಲಿ ಒಂದು ತಂತಿ ಅರ್ಧಂಬರ್ಧ ಕೂತಿದ್ರೂ ಇದು ಬರತ್ತೆ. ಇದು ಎಷ್ಟೋ ಮೆಷಿನ್ನಿನಲ್ಲಿ ಆಯ್ಕೆ ಮಾಡಿದ್ರೆ ಮಾತ್ರ ಅಳೆಯೋ ವಿಷ್ಯ, ಲಿಮಿಟ್ ಆರಿಸುವಾಗ ರೆಸಿಸ್ಟೆನ್ಸ್ ಅಳತೆ ಸೇರಿರೋದನ್ನ ಆರಿಸಿ ಅಂತ ಮೊದಲೇ ಹೇಳ್ಬೇಕು. 2003ರಲ್ಲಿ ಪಿಒಇ ಬಂದಾಗ ಪೋರ್ಟಿಗೆ 15.4 ವ್ಯಾಟ್ ಇತ್ತು, 2009ರಲ್ಲಿ 30 ಆಯ್ತು, 2018ರ ಸ್ಟ್ಯಾಂಡರ್ಡಿನಲ್ಲಿ 90ಕ್ಕೆ ಬಂದಿದೆ. ಇಷ್ಟು ಕರೆಂಟ್ ಹೊತ್ತ ಕೇಬಲ್ಲುಗಳ ದಪ್ಪ ಕಟ್ಟು ಕಟ್ಟಿದ್ರೆ ನಡುವಿನ ಕೇಬಲ್ ಬಿಸಿ ಏರತ್ತೆ, ಅದರಿಂದ ಇನ್ಸರ್ಷನ್ ಲಾಸೂ ಏರತ್ತೆ. ಹೀಗಾಗಿ ಈ ಕಾಲಂಗಳನ್ನ ಹಿಂದಿನ ಥರ ಬಿಟ್ಟು ಮುಂದೆ ಹೋಗೋ ಹಾಗಿಲ್ಲ.

ಪ್ರಶ್ನೆ: ಶೀಲ್ಡ್ ಇರೋ ಕೇಬಲ್ ಹಾಕಿಸಿದ್ವಿ, ಶೀಲ್ಡ್ ಪಾಸ್ ಅಂತ ಬಂತು. ಆಮೇಲೆ ಒಂದು ಕಡೆ ಬಿಚ್ಚಿ ನೋಡಿದ್ರೆ ಜ್ಯಾಕಿಗೆ ಶೀಲ್ಡ್ ಸೇರ್ಸೇ ಇಲ್ಲ! ಹೇಗೆ ಪಾಸಾಯ್ತು?

ಉತ್ತರ: ಶೀಲ್ಡಿಗೆ ಬರೀ ಡಿಸಿ ಕಳಿಸಿ ಇನ್ನೊಂದು ತುದಿ ಮುಟ್ತಾ ಅಂತ ನೋಡೋ ಟೆಸ್ಟರ್‌ಗಳಲ್ಲಿ ಹೀಗಾಗತ್ತೆ. ಕೇಬಲ್ಲಿನ ಶೀಲ್ಡ್ ತುಂಡಾಗಿದ್ರೂ ರ‍್ಯಾಕಿನ ಅರ್ತು, ಕಟ್ಟಡದ ಲೋಹ, ಪಕ್ಕದ ಲಿಂಕಿನ ಶೀಲ್ಡು ಹೀಗೆ ಸುತ್ತಿ ಬಳಸಿ ಕರೆಂಟ್ ಆ ತುದಿ ಮುಟ್ಟಿಬಿಡತ್ತೆ, ಮೆಷಿನ್ನಿಗೆ ಸೇರಿದೆ ಅಂತಾನೇ ಕಾಣತ್ತೆ. ಕೇಬಲ್ಲಿನ ದಾರಿಲೇ ಶೀಲ್ಡ್ ಅಖಂಡ ಇದ್ಯಾ ಅಂತ ಅಳೆಯೋ ಮೆಷಿನ್ನುಗಳಿವೆ, ಎಲ್ಲಿ ತುಂಡಾಗಿದೆ ಅಂತ ದೂರಾನೂ ಹೇಳ್ತವೆ. ಶೀಲ್ಡ್ ಕೇಬಲ್ಲಿನ ಕೆಲಸಕ್ಕೆ ಅದನ್ನೇ ಕೇಳಿ.

ಪ್ರಶ್ನೆ: ಎರಡು ಕಟ್ಟಡದ ನಡುವೆ ಫೈಬರ್ ಎಳೆಸಿದೀವಿ. ಓಟಿಡಿಆರ್ ಗ್ರಾಫ್ ಕೊಟ್ಟಿದಾರೆ. ಅದು ಇದ್ಮೇಲೆ ಮತ್ತೆ ಲೈಟ್ ಸೋರ್ಸು, ಪವರ್ ಮೀಟರ್ ಹಿಡ್ಕೊಂಡು ಲಾಸ್ ಟೆಸ್ಟ್ ಯಾಕೆ ಅಂತ ಕೇಳ್ತಾರೆ.

ಉತ್ತರ: ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಒಂದು ತುದಿಲಿ ಬೆಳಕು ಬಿಟ್ಟು ಇನ್ನೊಂದು ತುದಿಲಿ ಎಷ್ಟು ಬಂತು ಅಂತ ಅಳೆಯೋದು ಲಾಸ್ ಟೆಸ್ಟ್, ನಿಮ್ಮ ಉಪಕರಣಕ್ಕೆ ನಿಜವಾಗಿ ಸಿಗೋ ಬೆಳಕು ಅದೇ. ಓಟಿಡಿಆರ್ ಒಂದೇ ತುದಿಯಿಂದ ಪಲ್ಸ್ ಬಿಟ್ಟು ಗಾಜಿನಿಂದ ಚದುರಿ ಹಿಂದಕ್ಕೆ ಬರೋ ಬೆಳಕನ್ನ ಕೇಳಿಸ್ಕೊಳ್ಳತ್ತೆ, ಅದ್ರಿಂದ ಒಟ್ಟು ಲಾಸನ್ನ ಅಂದಾಜು ಮಾಡತ್ತೆ, ಅದರ ನಿಜವಾದ ಶಕ್ತಿ ಇರೋದು ಯಾವ ಸ್ಪ್ಲೈಸ್ (ಎರಡು ಫೈಬರ್ ಕಾಯಂ ಸೇರಿಸಿದ ಜಾಗ), ಯಾವ ಕನೆಕ್ಟರ್, ಎಷ್ಟನೇ ಮೀಟರಿನಲ್ಲಿ ಕೆಟ್ಟಿದೆ ಅಂತ ತೋರಿಸೋದ್ರಲ್ಲಿ. ಅದಕ್ಕೇ ಲಾಸ್ ಟೆಸ್ಟನ್ನ ಟಿಯರ್ 1 ಅಂತ, ಅದರ ಜೊತೆ ಓಟಿಡಿಆರ್ ಸೇರಿದ್ರೆ ಟಿಯರ್ 2 ಅಂತ ಕರೀತಾರೆ. ಟಿಯರ್ 1 ಬಿಟ್ಟು ಟಿಯರ್ 2 ಇಲ್ಲ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳ್ಬೇಕಾದ್ದು ರೆಫರೆನ್ಸ್ ಬಗ್ಗೆ. ಫೈಬರ್ ಲಾಸ್ ಅನ್ನೋದು ಎರಡು ಅಳತೆಗಳ ವ್ಯತ್ಯಾಸ, ಮೊದಲನೇ ಅಳತೆ ಅಂದ್ರೆ ರೆಫರೆನ್ಸ್ ತಪ್ಪಿದ್ರೆ ಆವತ್ತು ಅಳೆದ ಪ್ರತಿಯೊಂದು ಫೈಬರೂ ತಪ್ಪು. ಒಂದು ಜಂಪರ್ ವಿಧಾನದಲ್ಲಿ (ಜಂಪರ್ ಅಂದ್ರೆ ಟೆಸ್ಟ್ ಕಾರ್ಡು) ಒಳ್ಳೇ ಟೆಸ್ಟ್ ಕಾರ್ಡನ್ನ ಸೋರ್ಸಿಂದ ನೇರ ಮೀಟರಿಗೆ ಹಾಕಿ ಅದನ್ನ ಸೊನ್ನೆ ಅಂತ ಇಡ್ತಾರೆ. ಆಮೇಲೆ ಬಿಚ್ಚೋದು ಮೀಟರ್ ಕಡೆ ಮಾತ್ರ, ಸೋರ್ಸ್ ಕಡೆ ಮುಟ್ಲೇಬಾರ್ದು, ಅಲ್ಲಿ ಒಂದ್ಸಲ ಬಿಚ್ಚಿ ಹಾಕಿದ್ರೆ ಒಳಗೆ ಹೋಗೋ ಬೆಳಕಿನ ಪ್ರಮಾಣ ಬದಲಾಗತ್ತೆ, ಸೊನ್ನೆ ಸೊನ್ನೆಯಾಗಿ ಉಳಿಯಲ್ಲ. ಮೀಟರಿಗೆ ಎರಡನೇ ಟೆಸ್ಟ್ ಕಾರ್ಡ್ ಹಾಕಿ, ಎರಡು ಕಾರ್ಡನ್ನೂ ಅಡಾಪ್ಟರಿನಲ್ಲಿ ಸೇರಿಸಿ ಮೊದಲು ಆ ಜೋಡಣೆಯ ಲಾಸ್ ನೋಡ್ಬೇಕು, ಡೆಸಿಮಲ್ ಆದ್ಮೇಲಿನ ಚಿಕ್ಕ ಸಂಖ್ಯೆ ಬರ್ಬೇಕು, ಮಲ್ಟಿಮೋಡಿನ (ದಪ್ಪ ಕೋರಿನ ಫೈಬರ್) ರೆಫರೆನ್ಸ್ ಗ್ರೇಡ್ ಕನೆಕ್ಟರ್ ಆದ್ರೆ 0.1 ಡಿಬಿ, ಸಿಂಗಲ್ ಮೋಡ್ (ತೆಳು ಕೋರಿನದು) ಆದ್ರೆ 0.2 ಒಳಗೆ. ಈ ಒಂದು ನಿಮಿಷದ ಕೆಲಸ ಬಿಟ್ಟವ್ರ ರಿಪೋರ್ಟನ್ನ ನಾನಂತೂ ನಂಬಲ್ಲ. ಒಂದು ಜಂಪರ್ ವಿಧಾನದಲ್ಲಿ ನಿಮ್ಮ ಕೇಬಲ್ಲಿನ ಎರಡೂ ತುದಿಯ ಕನೆಕ್ಟರ್ ಲಾಸ್ ಲೆಕ್ಕಕ್ಕೆ ಬರತ್ತೆ, ಎರಡು ಮೂರು ಜಂಪರ್ ಇಟ್ಟು ರೆಫರೆನ್ಸ್ ಮಾಡಿದ್ರೆ ಅದು ಒಂದೊಂದಾಗಿ ಕಳೆದುಹೋಗಿ ಫಲಿತಾಂಶ ನಿಜಕ್ಕಿಂತ ಚೆನ್ನಾಗಿ ಕಾಣತ್ತೆ. ರಿಪೋರ್ಟಿನಲ್ಲಿ ಎಲ್ಲಾದ್ರೂ ಲಾಸ್ ಮೈನಸ್ ಅಂತ ಬಂದಿದ್ಯಾ ಹುಡುಕಿ. ಕೇಬಲ್ ಹಾಕಿದ್ರಿಂದ ಬೆಳಕು ಜಾಸ್ತಿ ಆಗೋದಿಲ್ಲ, ಮೈನಸ್ ಬಂದಿದ್ರೆ ರೆಫರೆನ್ಸ್ ಹಾಳಾಗಿದೆ, ಆ ಬ್ಯಾಚ್ ಪೂರ್ತಿ ಮತ್ತೆ ಅಳೀಬೇಕು.

ಮಲ್ಟಿಮೋಡ್ ಆದ್ರೆ 850 ಮತ್ತು 1300 ನ್ಯಾನೋಮೀಟರ್, ಸಿಂಗಲ್ ಮೋಡ್ ಆದ್ರೆ 1310 ಮತ್ತು 1550, ಎರಡೆರಡು ತರಂಗದಲ್ಲೂ ಅಳತೆ ಇರ್ಬೇಕು. ಮಲ್ಟಿಮೋಡಿನಲ್ಲಿ ಸೋರ್ಸ್ ಬೆಳಕನ್ನ ಫೈಬರಿನೊಳಗೆ ಹೇಗೆ ತುಂಬತ್ತೆ ಅನ್ನೋದ್ರ ಮೇಲೆ ಲಾಸ್ ಬದಲಾಗತ್ತೆ, ಅದಕ್ಕೆ ಎನ್‌ಸರ್ಕಲ್ಡ್ ಫ್ಲಕ್ಸ್ ಅಂತ ನಿಯಮ ಇದೆ, ಅದಕ್ಕೆ ಹೊಂದೋ ಸೋರ್ಸೇ ಬಳಸಿದಾರಾ ಕೇಳಿ.

ಪ್ರಶ್ನೆ: ಫೈಬರ್ ಲಾಸ್ ಎಷ್ಟಿದ್ರೆ ಒಳ್ಳೇದು? ನಮ್ಮದು 2.2 ಡಿಬಿ ಬಂದು ಪಾಸಾಗಿದೆ, ಆದ್ರೂ 100 ಗಿಗಾಬಿಟ್ ಲಿಂಕ್ ನಿಲ್ತಿಲ್ಲ.

ಉತ್ತರ: ಎಷ್ಟಿದ್ರೆ ಪಾಸು ಅನ್ನೋದನ್ನ ಲಿಂಕಿನೊಳಗೆ ಏನೇನಿದೆ ಅಂತ ಕೂಡಿ ಲೆಕ್ಕ ಹಾಕ್ತಾರೆ. ಟಿಐಎ ಪ್ರಕಾರ ಒಂದು ಕನೆಕ್ಟರ್ ಜೋಡಣೆಗೆ 0.75 ಡಿಬಿ, ಒಂದು ಸ್ಪ್ಲೈಸಿಗೆ 0.3, ಮೇಲೆ ಫೈಬರಿನ ಉದ್ದದ್ದು. 100 ಮೀಟರ್ ಮಲ್ಟಿಮೋಡಿಗೆ ಎರಡು ಜೋಡಣೆ ಇದ್ರೆ 1.5, ಫೈಬರಿಗೆ 0.3 ಚಿಲ್ಲರೆ, ಒಟ್ಟು 1.8ರ ಆಸುಪಾಸು. ನಡುವೆ ಇನ್ನೊಂದು ಪ್ಯಾನೆಲ್ ಬಂದು ಜೋಡಣೆ ಮೂರಾದ್ರೆ ಲಿಮಿಟ್ 2.5 ದಾಟತ್ತೆ, ನಿಮ್ಮ 2.2 ಆರಾಮಾಗಿ ಪಾಸು. ಆದ್ರೆ ಓಎಂ4 ದರ್ಜೆಯ ಮಲ್ಟಿಮೋಡ್ ಫೈಬರಿನ ಮೇಲೆ 100 ಮೀಟರ್ ಓಡೋ 100 ಗಿಗಾಬಿಟ್ಟಿನ ಎಸ್ಆರ್4 ಈಥರ್ನೆಟ್ಟಿಗೆ ಚಾನೆಲ್ ಪೂರ್ತಿಗೆ ಸಿಗೋದೇ 1.9 ಡಿಬಿ. ಅಂದ್ರೆ ಕೇಬಲಿಂಗ್ ಲೆಕ್ಕದಲ್ಲಿ ಪಾಸು, ಮೇಲೆ ಓಡ್ಬೇಕಾದ ಅಪ್ಲಿಕೇಶನ್ ಲೆಕ್ಕದಲ್ಲಿ ಇಲ್ಲ. ಹೋಲಿಸಿ ನೋಡಿ, ಓಎಂ3 ಮೇಲೆ 300 ಮೀಟರ್ ಓಡೋ 10ಜಿ ಎಸ್ಆರ್‌ಗೆ 2.6 ಡಿಬಿ ಸಿಗ್ತಿತ್ತು. ವೇಗ ಏರಿದ ಹಾಗೆ ಜಾಗ ಕಿರಿದಾಗ್ತಾ ಬಂದಿದೆ. ಯಾವ ಅಪ್ಲಿಕೇಶನ್ ಓಡಿಸ್ತೀವಿ ಅಂತ ಮೊದಲೇ ತೀರ್ಮಾನ ಮಾಡಿ ಲೋ ಲಾಸ್ ಕನೆಕ್ಟರ್ ಹಾಕ್ಸಿ, ಆ ಸಂಖ್ಯೆನೇ ಲಿಮಿಟ್ ಅಂತ ಟೆಸ್ಟರಿನಲ್ಲಿ ಇಡೋಕೆ ಹೇಳಿ. ನಿಮಗೀಗ ಉಳಿದಿರೋ ದಾರಿ ಆ ಮೂರು ಜೋಡಣೆಯ ತುದಿಗಳನ್ನ ಮೈಕ್ರೋಸ್ಕೋಪಿನಲ್ಲಿ ನೋಡಿ ಕ್ಲೀನ್ ಮಾಡಿ ಮತ್ತೆ ಅಳೆಯೋದು, ಕೊಳೆ ಹೋದ್ರೆ ಅರ್ಧ ಡಿಬಿ ವಾಪಸ್ ಬರೋದು ದೊಡ್ಡ ವಿಷ್ಯ ಅಲ್ಲ.

ಪ್ರಶ್ನೆ: ಪ್ಯಾಕೆಟ್ಟಿಂದ ಈಗಷ್ಟೇ ತೆಗೆದ ಹೊಸ ಪ್ಯಾಚ್ ಕಾರ್ಡನ್ನೂ ಕ್ಲೀನ್ ಮಾಡ್ಬೇಕಾ?

ಉತ್ತರ: ಮೊದಲು ನೋಡಿ, ಕೊಳೆ ಇದ್ರೆ ಕ್ಲೀನ್ ಮಾಡಿ, ಮತ್ತೆ ನೋಡಿ, ಆಮೇಲೆ ಸಿಕ್ಕಿಸಿ. ಹೊಸದೂ ಅಷ್ಟೇ, ಕ್ಯಾಪ್ ಹಾಕಿರೋದೂ ಅಷ್ಟೇ, ಆ ಪ್ಲಾಸ್ಟಿಕ್ ಕ್ಯಾಪಿನೊಳಗೇ ಪುಡಿ ಇರತ್ತೆ. ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಹೋಗೋ ಕೋರ್ 9 ಮೈಕ್ರಾನ್ ಅಷ್ಟೇ, ಅದರ ಮೇಲೆ ಕೂತ ಒಂದು ಧೂಳಿನ ಕಣ ಬೆಳಕನ್ನೂ ತಡೆಯತ್ತೆ, ಸಿಕ್ಕಿಸಿ ಒತ್ತಿದಾಗ ಎರಡೂ ಕಡೆಯ ಗಾಜಿಗೆ ಗುಳಿನೂ ಬೀಳಿಸತ್ತೆ, ಗುಳಿ ಬಿದ್ಮೇಲೆ ಎಷ್ಟು ಒರೆಸಿದ್ರೂ ಬರಲ್ಲ. ಪ್ಯಾನೆಲ್ಲಿನ ಒಳಗಡೆಯ ತುದಿನೂ ನೋಡ್ಬೇಕು, ಕೈಯಲ್ಲಿರೋ ತುದಿ ಮಾತ್ರ ಒರೆಸಿದ್ರೆ ಒಳಗಿನ ಕೊಳೆ ಇದಕ್ಕೆ ಅಂಟತ್ತೆ. ಯಾವ ಭಾಗದಲ್ಲಿ ಎಷ್ಟು ಗೀರು, ಎಷ್ಟು ಕಲೆ ಒಪ್ಪಬಹುದು ಅಂತ ಐಇಸಿ 61300-3-35 ಸ್ಟ್ಯಾಂಡರ್ಡ್ ಹೇಳತ್ತೆ, ಈಗಿನ ಮೈಕ್ರೋಸ್ಕೋಪುಗಳು ಅದನ್ನ ತಾವೇ ಲೆಕ್ಕ ಹಾಕಿ ಪಾಸ್ ಫೇಲ್ ಕೊಡ್ತವೆ. ಆ ಫೋಟೋಗಳನ್ನೂ ರಿಪೋರ್ಟಿನ ಜೊತೆ ಕೇಳಿ. ಹಸಿರು ಕನೆಕ್ಟರ್ ಎಪಿಸಿ, ತುದಿ 8 ಡಿಗ್ರಿ ಓರೆ ಇರತ್ತೆ, ನೀಲಿ ಯುಪಿಸಿ, ಒಂದಕ್ಕೊಂದು ಸಿಕ್ಕಿಸ್ಬೇಡಿ. ಮತ್ತೆ ಒಂದು ಮಾತು, ಈ ಬೆಳಕು ಕಣ್ಣಿಗೆ ಕಾಣಲ್ಲ, ಉಪಕರಣಕ್ಕೆ ಸೇರಿರೋ ಫೈಬರಿನ ತುದಿಗೆ ಯಾವತ್ತೂ ಕಣ್ಣಿಡ್ಬೇಡಿ.

ಪ್ರಶ್ನೆ: ಓಟಿಡಿಆರ್ ಗ್ರಾಫಿನಲ್ಲಿ ಒಂದು ಸ್ಪ್ಲೈಸ್ ಹತ್ರ ಗೆರೆ ಮೇಲಕ್ಕೆ ಹೋಗಿದೆ. ಬೆಳಕು ಜಾಸ್ತಿ ಆಗೋಕೆ ಸಾಧ್ಯ ಇಲ್ಲ ಅಂತೀರಿ, ಇದೇನು?

ಉತ್ತರ: ಇಲ್ಲೂ ಬೆಳಕು ಜಾಸ್ತಿ ಆಗಿಲ್ಲ. ಆ ಸ್ಪ್ಲೈಸ್ ಆದ್ಮೇಲಿನ ಫೈಬರ್ ಹಿಂದಕ್ಕೆ ಚದುರಿಸೋ ಗುಣ ಮೊದಲಿನದ್ದಕ್ಕಿಂತ ಜಾಸ್ತಿ ಇದೆ, ಓಟಿಡಿಆರ್ ನೋಡೋದು ವಾಪಸ್ ಬಂದ ಬೆಳಕನ್ನ ಮಾತ್ರ ಆದ್ರಿಂದ ಅದಕ್ಕೆ ಏರಿದ ಹಾಗೆ ಕಾಣತ್ತೆ. ಆ ಕಡೆಯಿಂದಲೂ ಅಳೆದು ಸರಾಸರಿ ತಗೋಬೇಕು, ಈ ಕಡೆಯಿಂದ 0.1 ಏರಿಕೆ, ಆ ಕಡೆಯಿಂದ 0.3 ಲಾಸ್ ಬಂದ್ರೆ ನಿಜವಾದ ಲಾಸ್ 0.1 ಡಿಬಿ. ಹಾಗೇ ಶುರುಲಿ ಲಾಂಚ್ ಕೇಬಲ್, ಕೊನೆಗೆ ಟೇಲ್ ಕೇಬಲ್ ಅಂತ ಹೆಚ್ಚುವರಿ ಫೈಬರ್ ಹಾಕಿದಾರಾ ನೋಡಿ, ಇಲ್ಲದಿದ್ರೆ ಮೊದಲ ಕನೆಕ್ಟರ್ ಡೆಡ್ ಝೋನಿನಲ್ಲಿ (ಪಲ್ಸ್ ಬಿಟ್ಟ ತಕ್ಷಣ ಮೆಷಿನ್ನಿಗೆ ಏನೂ ಕಾಣದ ಜಾಗ) ಮುಳುಗಿರತ್ತೆ, ಕೊನೇದರ ಲಾಸ್ ಗೊತ್ತೇ ಆಗಲ್ಲ. ಸಿಂಗಲ್ ಮೋಡಿನಲ್ಲಿ ಒಂದು ಜಾಗದಲ್ಲಿ 1310ರಲ್ಲಿ ಏನೂ ಕಾಣದೆ 1550ರಲ್ಲಿ ಮಾತ್ರ ಲಾಸ್ ಕಂಡ್ರೆ ಅಲ್ಲಿ ಫೈಬರ್ ಬಾಗಿದೆ, ಉದ್ದ ತರಂಗಕ್ಕೆ ಬಾಗು ಬೇಗ ತಟ್ಟತ್ತೆ. ಸಾಮಾನ್ಯವಾಗಿ ಬಿಗಿಯಾಗಿ ಎಳೆದ ಕೇಬಲ್ ಟೈ ಸಿಗತ್ತೆ ಅಲ್ಲಿ, ಆ ಟೈ ಕತ್ತರಿಸಿದ್ರೆ ಸರಿಹೋಗತ್ತೆ.

ಪ್ರಶ್ನೆ: ಸಾವಿರ ಪೋರ್ಟಿದೆ, ನೂರಕ್ಕೆ ಹತ್ತು ಮಾತ್ರ ಟೆಸ್ಟ್ ಮಾಡಿ ಪಿಡಿಎಫ್ ಕೊಡ್ತೀವಿ ಅಂತಾರೆ.

ಉತ್ತರ: ಬೇಡ. ಪ್ರತಿ ಜ್ಯಾಕನ್ನೂ ಒಬ್ಬ ಮನುಷ್ಯ ಕೈಯಲ್ಲಿ ಕೂರಿಸಿರ್ತಾನೆ, ಒಂದು ಸರಿ ಇದ್ರೆ ಇನ್ನೊಂದು ಸರಿ ಇದೆ ಅಂತ ಹೇಳೋಕಾಗಲ್ಲ. ಸ್ಯಾಂಪಲ್ ಒಪ್ಕೋಬಹುದಾದ್ದು ಏಲಿಯನ್ ಕ್ರಾಸ್‌ಟಾಕ್ ಒಂದಕ್ಕೆ, ಅಂದ್ರೆ ಶೀಲ್ಡ್ ಇಲ್ಲದ ಕ್ಯಾಟ್ 6ಎ ಕಟ್ಟಿನಲ್ಲಿ ಒಂದು ಕೇಬಲ್ಲಿಂದ ಪಕ್ಕದ ಕೇಬಲ್ಲಿಗೆ ಸೋರೋದು, ನಡುವಿನ ಒಂದು ಕೇಬಲ್ಲಿಗೆ ಸುತ್ತಲಿನವುಗಳಿಂದ ಎಷ್ಟು ಬರ್ತಿದೆ ಅಂತ ಒಂದೊಂದಾಗಿ ಅಳೀಬೇಕಾದ್ರಿಂದ ಎಲ್ಲಕ್ಕೂ ಮಾಡೋಕಾಗಲ್ಲ. ಪಿಡಿಎಫ್ ಜೊತೆಗೆ ಟೆಸ್ಟರಿನ ಮೂಲ ಫೈಲನ್ನೇ ಕೇಳಿ, ಆ ಮೆಷಿನ್ನಿನ ಕಂಪನಿಯ ಸಾಫ್ಟ್‌ವೇರಿನಲ್ಲಿ ತೆರೆಯೋದು. ಪಿಡಿಎಫ್ಫನ್ನ ಯಾರು ಬೇಕಾದ್ರೂ ತಿದ್ದಬಹುದು, ಮೂಲ ಫೈಲಿನಲ್ಲಿ ಗ್ರಾಫಿನ ಪ್ರತಿ ಬಿಂದುನೂ ಇರತ್ತೆ, ಲಿಮಿಟ್, ಸೀರಿಯಲ್ ನಂಬರ್, ಕ್ಯಾಲಿಬ್ರೇಶನ್ ದಿನಾಂಕ ಎಲ್ಲಾ ಸಿಗತ್ತೆ. ಫೈಲಿನಲ್ಲಿರೋ ಹೆಸರೂ ಜ್ಯಾಕಿನ ಮೇಲಿನ ಲೇಬಲ್ಲೂ ಒಂದೇ ಇದ್ಯಾ ಅಂತ ಅಲ್ಲಲ್ಲಿ ತಾಳೆ ನೋಡಿ. ಅದಾದ್ಮೇಲೆ ನಿಮ್ಮ ಇಷ್ಟದ ಹತ್ತಿಪ್ಪತ್ತು ಪೋರ್ಟ್ ನೀವೇ ಆರಿಸಿ, ನಿಮ್ಮ ಕಣ್ಣ ಮುಂದೆ ಮತ್ತೆ ಅಳೆಸಿ, ಮೊದಲಿನ ಉದ್ದ ಮತ್ತು ಹೆಡ್‌ರೂಮ್ ಜೊತೆ ಹೋಲಿಸಿ. ಉದ್ದ ಹೊಂದಲಿಲ್ಲ ಅಂದ್ರೆ ಮೊದಲ ರಿಪೋರ್ಟು ಆ ಪೋರ್ಟಿನದ್ದಲ್ಲ, ಫೈನಲ್ ಬಿಲ್ಲಿಗೆ ಸಹಿ ಹಾಕದೆ ಸಾವಿರಾನೂ ಮತ್ತೆ ಟೆಸ್ಟ್ ಮಾಡಿ ಅಂತ ಬರವಣಿಗೆಯಲ್ಲೇ ಕೇಳಿ.